ದಪ್ಪ ಲೋಹದ ಮೇಲ್ಮೈಯಲ್ಲಿ ಪ್ಲಾಸ್ಮಾ ಹುಟ್ಟುವುದು ಯಾವಾಗ? 220 ಟೆಸ್ಲಾ ಅಂಕಿಯ ಕುರಿತು ಒಂದು ಪ್ರಶ್ನೆ

ಎಂಎಸ್ಸಿ ಅಂತಿಮ ವರ್ಷ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ವಿಭಾಗದ ಸೆಮಿನಾರಿಗೆ ನಾನು ತೀವ್ರ ಪಲ್ಸ್ (ಕ್ಷಣಮಾತ್ರ ಇರುವ) ಕಾಂತಕ್ಷೇತ್ರದಲ್ಲಿ ಲೋಹದ ಮೇಲ್ಮೈ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನುಗಳು ಕಳಚಿದ, ವಿದ್ಯುತ್ತು ಹರಿಯುವ ಬಿಸಿ ಅನಿಲ, ಆಗುವ ವಿಷಯವನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ರೀನೊ ನಗರದಲ್ಲಿರುವ ನೆವಾಡ ವಿಶ್ವವಿದ್ಯಾಲಯದ ಜೀಬ್ರಾ ಎಂಬ ಯಂತ್ರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೇ ನನ್ನ ಮುಖ್ಯ ಆಧಾರ. ಆ ಯಂತ್ರವು ಸುಮಾರು 100 ನ್ಯಾನೊಸೆಕೆಂಡಿನಲ್ಲಿ 10 ಲಕ್ಷ ಆಂಪಿಯರ್ ವಿದ್ಯುತ್ತನ್ನು ಒಂದು ಅಲ್ಯೂಮಿನಿಯಂ ಸರಳಿನ ಮೂಲಕ ಹರಿಸುತ್ತದೆ. ಸರಳಿನ ಮೇಲ್ಮೈಯಲ್ಲಿ ಕಾಂತಕ್ಷೇತ್ರವು 2.2 ಮೆಗಾಗಾಸ್, ಅಂದರೆ 220 ಟೆಸ್ಲಾ ಮುಟ್ಟಿದಾಗ ಪ್ಲಾಸ್ಮಾ ಕಾಣಿಸಿಕೊಳ್ಳುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ಕಾಣಿಸಿಕೊಳ್ಳುವುದಿಲ್ಲ ಎಂಬುದು ಅವರ ತೀರ್ಮಾನ.

ಅಂಕಿಯನ್ನು ಬರೆದುಕೊಂಡಿದ್ದೇನೆ, ಆದರೆ ಅದು ಎಲ್ಲಿಂದ ಬಂತೆಂದು ವಿವರಿಸಲು ನನಗೆ ಬರುತ್ತಿಲ್ಲ. ತೆಳು ತಂತಿಯು ಇದಕ್ಕಿಂತ ಬಹಳ ಕಡಿಮೆ ವಿದ್ಯುತ್ತಿನಲ್ಲೇ ಸಿಡಿದು ಆವಿಯಾಗುತ್ತದೆ. ಡಚ್ ವಿಜ್ಞಾನಿ ವಾನ್ ಮಾರುಮ್ ಅವರು 18ನೇ ಶತಮಾನದ ಕೊನೆಯಲ್ಲಿ ಲೈಡನ್ ಜಾಡಿಗಳಿಂದಲೇ (ವಿದ್ಯುತ್ತನ್ನು ಕೂಡಿಡುವ ಗಾಜಿನ ಜಾಡಿಗಳು) ತಂತಿ ಸಿಡಿಸಿದ್ದರು. ಹಾಗಿರುವಾಗ ದಪ್ಪ ಸರಳಿಗೆ ಇಷ್ಟೊಂದು ಕ್ಷೇತ್ರ ಏಕೆ ಬೇಕು? ಇನ್ನೊಂದು ಪ್ರಶ್ನೆ ನಮ್ಮ ಮಾರ್ಗದರ್ಶಕರು ಕೇಳಿದ್ದು: ಅಲ್ಯೂಮಿನಿಯಮ್ಮಿನ ಬದಲು ತಾಮ್ರದ ಸರಳನ್ನು ಇಟ್ಟರೆ ಈ ಅಂಕಿ ಮೇಲೆ ಹೋಗುತ್ತದೆಯೋ, ಕೆಳಗೆ ಬರುತ್ತದೆಯೋ? ತಿಳಿದವರು ದಯವಿಟ್ಟು ಹೇಳಬೇಕು.

ಮೋಟಾರ್ ವೈಂಡಿಂಗ್, ಕಪನೂರ

ನಾನು ಓದಿದ್ದು ಐಟಿಐ ಮಾತ್ರ, ಆದರೂ ಎರಡನೆಯ ಪ್ರಶ್ನೆಗೆ ನನ್ನ ಅನಿಸಿಕೆ ಹೇಳುತ್ತೇನೆ. ತಾಮ್ರಕ್ಕೆ ರೋಧ ಕಡಿಮೆ, ಆದ್ದರಿಂದ ಅದು ಕಡಿಮೆ ಕಾಯುತ್ತದೆ; ಪ್ಲಾಸ್ಮಾ ಆಗಲು ಹೆಚ್ಚು ಕ್ಷೇತ್ರ ಬೇಕಾಗುತ್ತದೆ. ನಮ್ಮ ಪಕ್ಕದ ಶೆಡ್ಡಿನಲ್ಲಿ ಇಂಡಕ್ಷನ್ ಹಾರ್ಡನಿಂಗ್ ಮಾಡುತ್ತಾರೆ, ಅಂದರೆ ಕಾಯಿಲ್‌ನ ಕಾಂತಕ್ಷೇತ್ರದಿಂದ ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವುದು. ಕಾಯಿಲ್ ತಾಮ್ರದ ಕೊಳವೆಯದು, ಒಳಗೆ ನೀರು ಓಡುತ್ತಿರುತ್ತದೆ. ನಡುವೆ ಇಟ್ಟ ಉಕ್ಕಿನ ಶಾಫ್ಟ್ ಕ್ಷಣಗಳಲ್ಲಿ ಕೆಂಪಾಗುತ್ತದೆ, ಅದೂ ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ. ರೋಧ ಇದ್ದಲ್ಲಿ ಕಾವು ಇರುತ್ತದೆ ಎಂಬುದು ನಾವು ದಿನಾ ನೋಡುವ ಸಂಗತಿ.

ನಿವೃತ್ತ ಉಪನ್ಯಾಸಕ, ಯಾದಗಿರಿ

ಕಪನೂರದ ಸ್ನೇಹಿತರು ಕೊಟ್ಟ ಉದಾಹರಣೆ ಬಹಳ ಒಳ್ಳೆಯದು. ಅವರು ಹೇಳಿದ ‘ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ’ ಎಂಬ ಮಾತಿನಲ್ಲೇ ಮೊದಲ ಪ್ರಶ್ನೆಯ ಉತ್ತರ ಇದೆ. ಎರಡನೆಯದಕ್ಕೆ ಅವರ ತೀರ್ಮಾನ ಸರಿಯಾಗಿರಬಹುದು, ಆದರೆ ಅವರು ಕೊಟ್ಟ ಕಾರಣ ಇಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಕ್ಷೇತ್ರದ ಲೆಕ್ಕ. ಉದ್ದ ಸರಳಿನ ಮೇಲ್ಮೈಯಲ್ಲಿ ಕಾಂತಕ್ಷೇತ್ರವು ವಿದ್ಯುತ್ತಿಗೆ ನೇರ ಅನುಪಾತದಲ್ಲೂ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. 10 ಲಕ್ಷ ಆಂಪಿಯರ್ ಹರಿಯುವಾಗ ಒಂದು ಮಿಲಿಮೀಟರ್ ವ್ಯಾಸದ ಸರಳಿನ ಮೇಲ್ಮೈಯಲ್ಲಿ 400 ಟೆಸ್ಲಾ ಬರುತ್ತದೆ, ಎರಡು ಮಿಲಿಮೀಟರ್ ವ್ಯಾಸದ್ದರ ಮೇಲೆ 200 ಟೆಸ್ಲಾ ಬರುತ್ತದೆ. ಯಂತ್ರ ಒಂದೇ ಆದರೂ ಸರಳಿನ ದಪ್ಪವನ್ನು ಬದಲಿಸುತ್ತ ಹೋದರೆ ಪ್ಲಾಸ್ಮಾ ಹುಟ್ಟುವ ಹೊಸ್ತಿಲಿನ, ಅಂದರೆ ಆ 220 ಟೆಸ್ಲಾದ, ಎರಡೂ ಬದಿಗೆ ಓಡಾಡಬಹುದು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿರುವುದು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಎಂದು ನೆನಪಿಟ್ಟುಕೊಂಡರೆ ಇವು ಎಂತಹ ಅಂಕಿಗಳೆಂದು ತಿಳಿಯುತ್ತದೆ.

ಈಗ ಆಳದ ಲೆಕ್ಕ. ಹೊರಗಿನ ಕ್ಷೇತ್ರವು ಲೋಹದೊಳಗೆ ಒಮ್ಮೆಲೇ ನುಗ್ಗುವುದಿಲ್ಲ, ನಿಧಾನವಾಗಿ ಇಂಗುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ತಾಮ್ರದೊಳಗೆ ಈ ಆಳ ಸುಮಾರು 9 ಮಿಲಿಮೀಟರ್ ಇರುವುದರಿಂದ ವೈಂಡಿಂಗ್ ತಂತಿ ಸುತ್ತುವವರಿಗೆ ಅದರ ಚಿಂತೆ ಇಲ್ಲ. 100 ನ್ಯಾನೊಸೆಕೆಂಡಿನಲ್ಲಿ ಅಲ್ಯೂಮಿನಿಯಮ್ಮಿನೊಳಗೆ ಅದು ಸುಮಾರು 50 ಮೈಕ್ರಾನ್ ಮಾತ್ರ. ತಂತಿಯ ದಪ್ಪವೇ ಇದಕ್ಕಿಂತ ಕಡಿಮೆ ಇದ್ದರೆ ವಿದ್ಯುತ್ತು ಇಡೀ ತಂತಿಯಲ್ಲಿ ಹರಡಿ, ಇಡೀ ತಂತಿಯನ್ನು ಒಟ್ಟಿಗೆ ಕಾಯಿಸುತ್ತದೆ. ಅಲ್ಲಿ ಮೇಲ್ಮೈ, ಒಳಭಾಗ ಎಂಬ ಭೇದವೇ ಇಲ್ಲ. ಅಂತಹ ತಂತಿಯನ್ನು ಸಿಡಿಸಲು ಬೃಹತ್ ಕ್ಷೇತ್ರ ಬೇಕಿಲ್ಲ, ಸಾಕಷ್ಟು ಹೊತ್ತು ಸಾಕಷ್ಟು ವಿದ್ಯುತ್ತು ಹರಿದರೆ ಸಾಕು. ದಪ್ಪ ಸರಳಿನಲ್ಲಿ ಹಾಗಲ್ಲ. ಇಲ್ಲಿ ಹೆಚ್ಚು ಹೊತ್ತು ಹರಿಸಿದರೆ ಕಾವು ಹೆಚ್ಚಾಗುವ ಬದಲು ವಿದ್ಯುತ್ತು ಇನ್ನೂ ಆಳಕ್ಕೆ ಇಳಿದು ತೆಳುವಾಗುತ್ತದೆ.

ಇದರಿಂದ ಬರುವ ಫಲಿತಾಂಶ ಮೊದಲ ಬಾರಿ ನೋಡಿದವರನ್ನು ಬೆರಗುಗೊಳಿಸುತ್ತದೆ. ಕ್ಷೇತ್ರವು ಘಾತೀಯವಾಗಿ (ಸಮಾನ ಕಾಲದಲ್ಲಿ ಸಮಾನ ಪಟ್ಟು ಹೆಚ್ಚುತ್ತ) ಏರುತ್ತಿದೆ ಎಂದೂ ಲೋಹದ ರೋಧಶೀಲತೆ ಬದಲಾಗುವುದಿಲ್ಲ ಎಂದೂ ಇಟ್ಟುಕೊಂಡು ಮೇಲ್ಮೈಯ ಒಂದು ಘನ ಸೆಂಟಿಮೀಟರಿಗೆ ಸೇರುವ ಜೂಲ್ ಶಾಖವನ್ನು (ರೋಧದಿಂದ ಹುಟ್ಟುವ ಕಾವನ್ನು) ಲೆಕ್ಕ ಹಾಕಿದರೆ, ಉತ್ತರವು ಆ ಕ್ಷಣದ ಕಾಂತ ಶಕ್ತಿ ಸಾಂದ್ರತೆಗೆ, ಅಂದರೆ ಕ್ಷೇತ್ರದ ವರ್ಗವನ್ನು ಮ್ಯೂ-ನಾಟ್ ಎಂಬ ಕಾಂತ ಸ್ಥಿರಾಂಕದ ಎರಡರಷ್ಟರಿಂದ ಭಾಗಿಸಿದ ಮೊತ್ತಕ್ಕೆ, ಸರಿಯಾಗಿ ಸಮವಾಗುತ್ತದೆ. ಕ್ಷೇತ್ರ ನೇರ ಗೆರೆಯಂತೆ ಏರಿದರೆ ಅದರ 1.27 ಪಟ್ಟು ಬರುತ್ತದೆ. ಎರಡರಲ್ಲೂ ರೋಧಶೀಲತೆ ಅಳಿಸಿಹೋಗುತ್ತದೆ, ಏರುವ ಕಾಲವೂ ಅಳಿಸಿಹೋಗುತ್ತದೆ. ರೋಧ ಹೆಚ್ಚಿದ್ದರೆ ಕಾವು ಹೆಚ್ಚುತ್ತದೆ ನಿಜ, ಆದರೆ ಅದೇ ಪ್ರಮಾಣದಲ್ಲಿ ವಿದ್ಯುತ್ತು ಆಳಕ್ಕೆ ಹರಡಿ ಸಾಂದ್ರತೆ ಇಳಿಯುತ್ತದೆ. ಹಾರ್ಡನಿಂಗ್ ಶೆಡ್ಡಿನಲ್ಲಿ ಶಾಫ್ಟಿನ ಕಾವನ್ನು ನಾವು ನೋಡುವುದು ಸಾವಿರಾರು ಆವರ್ತಗಳ ನಂತರ, ಕಾಯಿಲ್ಲಿಗೆ ನೀರು ಹರಿಸುತ್ತ. ಇಲ್ಲಿ ಇರುವುದು ಒಂದೇ ಒಂದು ಏರಿಕೆ.

ಅಂಕಿಗಳನ್ನು ಹಾಕಿ ನೋಡೋಣ. 220 ಟೆಸ್ಲಾ ಕ್ಷೇತ್ರದ ಶಕ್ತಿ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 19 ಕಿಲೋಜೂಲ್, 1.27ರಿಂದ ಗುಣಿಸಿದರೆ ಹೆಚ್ಚುಕಡಿಮೆ 25. ಅಲ್ಯೂಮಿನಿಯಮ್ಮನ್ನು ಕೋಣೆಯ ತಾಪದಿಂದ ಕಾಯಿಸಿ 660 ಡಿಗ್ರಿಯಲ್ಲಿ ಪೂರ್ತಿ ಕರಗಿಸಲು ಘನ ಸೆಂಟಿಮೀಟರಿಗೆ ಸುಮಾರು 3 ಕಿಲೋಜೂಲ್ ಸಾಕು, ಅಂದರೆ 80–90 ಟೆಸ್ಲಾ ಹೊತ್ತಿಗೆ ಮೇಲ್ಮೈ ದ್ರವವಾಗಿರುತ್ತದೆ. ಅದನ್ನೇ ಪೂರ್ತಿ ಆವಿ ಮಾಡಲು ಸುಮಾರು 38 ಬೇಕು. 25 ಮತ್ತು 38 ಸಮವಲ್ಲ, ಆದರೆ ಒಂದೇ ಅಳತೆಯ ಅಂಕಿಗಳು. ದಪ್ಪ ಲೋಹಕ್ಕೆ ನೂರಾರು ಟೆಸ್ಲಾ ಏಕೆ ಬೇಕೆಂಬುದಕ್ಕೆ ಇದೇ ಉತ್ತರ: ಕ್ಷೇತ್ರದ ಶಕ್ತಿ ಸಾಂದ್ರತೆಯು ಲೋಹವನ್ನು ಆವಿ ಮಾಡುವ ಶಕ್ತಿ ಸಾಂದ್ರತೆಯ ಹತ್ತಿರ ಬರುವ ತನಕ ಪ್ಲಾಸ್ಮಾ ಹುಟ್ಟುವುದಿಲ್ಲ.

ತಾಮ್ರಕ್ಕೆ ಇದೇ ಲೆಕ್ಕ ಹಾಕಿದರೆ ಪೂರ್ತಿ ಆವಿಗೆ ಘನ ಸೆಂಟಿಮೀಟರಿಗೆ ಸುಮಾರು 55 ಕಿಲೋಜೂಲ್ ಬರುತ್ತದೆ. ಹಾಗಾಗಿ ತಾಮ್ರದ ಹೊಸ್ತಿಲು ಮೇಲಿರಬೇಕೆಂದು ನಿರೀಕ್ಷಿಸಬಹುದು, ಆದರೆ ಅದಕ್ಕೆ ಕಾರಣ ಕಡಿಮೆ ರೋಧವಲ್ಲ. ಒಂದು ಘನ ಸೆಂಟಿಮೀಟರ್ ತಾಮ್ರದ ಪರಮಾಣುಗಳನ್ನು ಬಿಡಿಸಲು ಹೆಚ್ಚು ಶಕ್ತಿ ಬೇಕು ಎಂಬುದೇ ಕಾರಣ. ಮಾರ್ಗದರ್ಶಕರು ಬಹುಶಃ ನಿಮ್ಮನ್ನು ಈ ಜಾಗಕ್ಕೆ ತರಲೆಂದೇ ಆ ಪ್ರಶ್ನೆ ಕೇಳಿದ್ದಾರೆ.

ಎಂಎಸ್ಸಿ ಅಂತಿಮ ವರ್ಷ, ಕಲಬುರಗಿ

ಗುರುಗಳೇ, ಬಹಳ ಉಪಕಾರವಾಯಿತು. ಘಾತೀಯ ಏರಿಕೆಯ ಲೆಕ್ಕವನ್ನು ಮಾಡಿ ನೋಡಿದೆ. ರೋಧಶೀಲತೆ ನಿಜವಾಗಿಯೂ ಅಳಿಸಿಹೋಗುತ್ತದೆ. ಆದರೆ ಇದರಿಂದಲೇ ಹೊಸ ಸಂಶಯ ಹುಟ್ಟಿದೆ. ಅದೇ 19 ಕಿಲೋಜೂಲ್ ಅಂಕಿಯನ್ನು ಒತ್ತಡವಾಗಿ ಓದಿದರೆ 19 ಗಿಗಾಪಾಸ್ಕಲ್, ಅಂದರೆ ಸುಮಾರು 1 ಲಕ್ಷ 90 ಸಾವಿರ ವಾಯುಭಾರ ಆಗುತ್ತದೆ. ಇಷ್ಟು ಒತ್ತಡವು ಸರಳನ್ನು ಒಳಮುಖವಾಗಿ ಅದುಮುತ್ತಿರುವಾಗ ಮೇಲ್ಮೈ ಆವಿಯಾಗಿ ಹೊರಗೆ ಬರುವುದಾದರೂ ಹೇಗೆ?

ಪಲ್ಸ್ ಪವರ್ ಸಂಶೋಧಕಿ, ಊರು ಬೀದರ್

ಈ ಸಂಶಯ ಬಂದದ್ದು ಸಂತೋಷ, ಏಕೆಂದರೆ ವಿಷಯದ ತಿರುಳು ಇಲ್ಲೇ ಇದೆ. ಕಾಂತ ಒತ್ತಡವು ಗೋಡೆಯ ಹಾಗೆ ಲೋಹದ ಹೊರ ಅಂಚಿಗೆ ತಾಗಿ ತಳ್ಳುವುದಿಲ್ಲ. ವಿದ್ಯುತ್ತು ಮತ್ತು ಕ್ಷೇತ್ರ ಎರಡೂ ಇರುವ ಪದರದೊಳಗೆಲ್ಲ ಬಲ ಹರಡಿಕೊಂಡಿರುತ್ತದೆ, ಹೊರ ಅಂಚಿನಿಂದ ಒಳಗೆ ಹೋದಂತೆ ಕೂಡುತ್ತ ಹೋಗುತ್ತದೆ. ಹೊರ ಅಂಚಿನಲ್ಲೇ ನಿಂತು ನೋಡಿದರೆ ದ್ರವ್ಯದ ಮೇಲಿನ ಒತ್ತಡ ಹೆಚ್ಚುಕಡಿಮೆ ಸೊನ್ನೆ; ಐವತ್ತು ಮೈಕ್ರಾನ್ ಒಳಗೆ ಹೋದರೆ ಲಕ್ಷ ವಾಯುಭಾರದ ಲೆಕ್ಕ. ಆದ್ದರಿಂದ ಒಳಗಿನ ಲೋಹ ಅದುಮಿಸಿಕೊಂಡು ದ್ರವವಾಗಿಯೇ ಉಳಿದಿರುವಾಗ ಅತ್ಯಂತ ಹೊರಗಿನ ತೆಳು ಪದರಕ್ಕೆ ಹಿಗ್ಗಲು ಯಾವ ಅಡ್ಡಿಯೂ ಇರುವುದಿಲ್ಲ.

ಆ ಪದರ ಹಿಗ್ಗಿದಾಗ ನಡೆಯುವುದನ್ನು ಹಂತವಾಗಿ ಗಮನಿಸಬೇಕು. ದ್ರವ ಅಲ್ಯೂಮಿನಿಯಂ ಹಿಗ್ಗಿ ಸಾಂದ್ರತೆ ಇಳಿದಂತೆ ಅದು ಲೋಹದ ಗುಣವನ್ನು ಕಳೆದುಕೊಳ್ಳುತ್ತದೆ; ಕೆಲವು ಸಾವಿರ ಕೆಲ್ವಿನ್‌ನಲ್ಲಿರುವ ಆವಿ ಬಹಳ ಕೆಟ್ಟ ವಾಹಕ. ವಾಹಕವಲ್ಲದ ಆವಿಯನ್ನು ಕ್ಷೇತ್ರ ಹಿಡಿದಿಡಲಾರದು, ಹಾಗಾಗಿ ಅದು ಕ್ಷೇತ್ರದ ಗೆರೆಗಳನ್ನು ದಾಟಿ ಹೊರಗೆ ಹರಿಯುತ್ತದೆ. ಅದರ ಮೂಲಕ ಸ್ವಲ್ಪವೇ ವಿದ್ಯುತ್ತು ಹರಿದರೂ ದ್ರವ್ಯರಾಶಿ ತೀರಾ ಕಡಿಮೆ ಇರುವುದರಿಂದ ಪ್ರತಿ ಪರಮಾಣುವಿಗೆ ಸೇರುವ ಶಾಖ ದೊಡ್ಡದು. ಕ್ಷೇತ್ರ ಇನ್ನೂ ಏರುತ್ತಿದ್ದರೆ ಒಂದು ಹಂತದಲ್ಲಿ ಆವಿಯ ಎಲೆಕ್ಟ್ರಾನುಗಳು ಕಳಚುತ್ತವೆ, ಅದರೊಂದಿಗೆ ವಾಹಕತೆ ಏರುತ್ತದೆ, ಏರಿದ ವಾಹಕತೆ ಒಳಗಿನ ಲೋಹದಿಂದ ವಿದ್ಯುತ್ತನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಆಗ ಇನ್ನಷ್ಟು ಕಾಯುತ್ತದೆ. ಕೆಲವೇ ನ್ಯಾನೊಸೆಕೆಂಡಿನಲ್ಲಿ ಮೇಲ್ಮೈಯ ಬೆಳಕು ಥಟ್ಟನೆ ಏರುವುದು ಈ ತಿರುವಿನಲ್ಲಿ. ಹೊಸ್ತಿಲು ಎಂದು ಅಳೆದದ್ದು ಇದನ್ನೇ, ಕರಗುವುದನ್ನೂ ಅಲ್ಲ, ಆವಿಯಾಗುವುದನ್ನೂ ಅಲ್ಲ. ಮೇಲಿನ ಲೆಕ್ಕದಲ್ಲಿ 25ಕ್ಕೂ 38ಕ್ಕೂ ಇರುವ ಅಂತರಕ್ಕೆ ಮುಖ್ಯ ಕಾರಣವೂ ಇದೇ: ಇಡೀ ಪದರ ಆವಿಯಾಗುವ ತನಕ ಕಾಯಬೇಕಿಲ್ಲ, ಹೊರ ಅಂಚಿನ ಹಿಗ್ಗಿದ ಚೂರು ಮೊದಲೇ ಮುಂದೆ ಓಡುತ್ತದೆ.

ಇನ್ನೊಂದು ಮಾತು ಸೆಮಿನಾರಿನಲ್ಲಿ ಹೇಳಲೇಬೇಕು. ಪ್ಲಾಸ್ಮಾ ಹುಟ್ಟಿತು ಎಂದಾಕ್ಷಣ ಅದು ಶಾಖದಿಂದಲೇ ಹುಟ್ಟಿತು ಎನ್ನಲು ಬರುವುದಿಲ್ಲ. ಸರಳನ್ನು ವಿದ್ಯುದ್ವಾರಕ್ಕೆ ಸಿಕ್ಕಿಸುವ ಜಾಗದಲ್ಲಿ ಕಿಡಿ ಹಾರಿದರೆ ಅದರ ನೇರಳಾತೀತ ಬೆಳಕು, ಹಾರಿ ಬಂದ ಎಲೆಕ್ಟ್ರಾನು, ಅಯಾನು ಇವೆಲ್ಲ ಸರಳಿನ ಮೇಲೆ ಬಿದ್ದು ಬಹಳ ಮೊದಲೇ ಪ್ಲಾಸ್ಮಾ ಎಬ್ಬಿಸುತ್ತವೆ. ರೀನೊದವರ ಜಾಣತನ ಇರುವುದು ಸರಳಿನ ಆಕಾರದಲ್ಲಿ. ನಡುವೆ ತೆಳುವಾಗಿ ಎರಡು ತುದಿಗೆ ದಪ್ಪವಾಗುವ ಡಂಬೆಲ್ ಆಕಾರವನ್ನು ಒಂದೇ ಅಲ್ಯೂಮಿನಿಯಂ ತುಂಡಿನಿಂದ ಲೇತಿನಲ್ಲಿ ಕಡೆದು, ಜೋಡಣೆಯನ್ನು ಕ್ಷೇತ್ರ ಕಡಿಮೆ ಇರುವ ದಪ್ಪ ಭಾಗಕ್ಕೆ ದೂಡಿ, ನಡುಭಾಗಕ್ಕೆ ಜೋಡಣೆಯ ಕಿಡಿ ಕಾಣದಂತೆ ಮಾಡಿದರು. ಪ್ರತಿ ಮೈಕ್ರೋಸೆಕೆಂಡಿಗೆ 30ರಿಂದ 80 ಮೆಗಾಗಾಸ್ ದರದಲ್ಲಿ ಕ್ಷೇತ್ರ ಏರಿದಾಗಲೆಲ್ಲ ಅದೇ 2.2 ಮೆಗಾಗಾಸ್ ಹೊಸ್ತಿಲು ಸಿಕ್ಕಿದ್ದು ಆ ಎಚ್ಚರದಿಂದ.

ಬಿದ್ರಿ ಮನೆತನ, ಬೀದರ್

ಮೇಡಂ, ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಬಿದ್ರಿ ಕೆಲಸ ನಡೆದುಬಂದಿದೆ, ನಾನು ಮಾತ್ರ ಎಂಜಿನಿಯರಿಂಗ್ ಓದಿದೆ. ನಮ್ಮ ಎರಕದಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಎರಕ ಹೊಯ್ಯುವಾಗ ಕಾವು ಸ್ವಲ್ಪ ಮೀರಿದರೂ ಸತುವು ಬಿಳಿ ಹೊಗೆಯಾಗಿ ಹಾರಿಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಿದ್ದರೆ ಸತುವಿನ ಸರಳು ಅಲ್ಯೂಮಿನಿಯಮ್ಮಿಗಿಂತ ಬಹಳ ಮೊದಲು ಪ್ಲಾಸ್ಮಾ ಆಗಬೇಕಲ್ಲವೇ?

ಪಲ್ಸ್ ಪವರ್ ಸಂಶೋಧಕಿ, ಊರು ಬೀದರ್

ಅರ್ಧ ದಾರಿ ಮೊದಲು ಮುಟ್ಟುತ್ತದೆ ಎನ್ನಬಹುದು. ಸತುವು 907 ಡಿಗ್ರಿಯಲ್ಲೇ ಕುದಿಯುತ್ತದೆ. ಕೋಣೆಯ ತಾಪದಿಂದ ಪೂರ್ತಿ ಆವಿ ಮಾಡಲು ಘನ ಸೆಂಟಿಮೀಟರಿಗೆ ಸುಮಾರು 16 ಕಿಲೋಜೂಲ್ ಸಾಕು, ಅಲ್ಯೂಮಿನಿಯಮ್ಮಿನ ಅರ್ಧಕ್ಕಿಂತ ಕಡಿಮೆ. ಆದರೆ ಆವಿಯಿಂದ ಪ್ಲಾಸ್ಮಾಕ್ಕೆ ಹೋಗುವ ದಾರಿಯಲ್ಲಿ ಸತುವು ಮೊಂಡು: ಅದರ ಪರಮಾಣುವಿನಿಂದ ಮೊದಲ ಎಲೆಕ್ಟ್ರಾನನ್ನು ಕೀಳಲು 9.39 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಬೇಕು, ಅಲ್ಯೂಮಿನಿಯಮ್ಮಿಗೆ 5.99 ಸಾಕು. ಆದ್ದರಿಂದ ಸತುವಿನ ಸುತ್ತ ವಾಹಕವಲ್ಲದ ಆವಿ ಬೇಗ ಏಳುತ್ತದೆ, ಅದು ಹೊತ್ತಿಕೊಳ್ಳಲು ಮಾತ್ರ ತಡವಾಗಬಹುದು. ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಹೀಗೆ ಕೈಲೆಕ್ಕದಲ್ಲಿ ಹೇಳುವುದು ಸರಿಯಲ್ಲ. ಆವಿಯ ಸಾಂದ್ರತೆ, ವಾಹಕತೆಗಳನ್ನು ಕ್ಷಣಕ್ಷಣವೂ ಲೆಕ್ಕ ಹಾಕುವ ಗಣಕ ಮಾದರಿ ಬೇಕು. ಕುದಿಯುವ ಬಿಂದುವಿನ ಪಟ್ಟಿ ನೋಡಿ ಹೊಸ್ತಿಲು ಹೇಳುವವರನ್ನು ನಂಬಬೇಡಿ ಎಂದಷ್ಟೇ ಹೇಳಬಲ್ಲೆ.

ಶಹಾಪುರದಿಂದ ಒಬ್ಬ ಓದುಗ

ಇಡೀ ಚರ್ಚೆ ಓದಿದೆ. ಒಂದು ಆಕ್ಷೇಪ ಇದೆ. 2.2 ಎಂಬ ಅಂಕಿಯನ್ನು ನೀವೆಲ್ಲ ಅಲ್ಯೂಮಿನಿಯಮ್ಮಿನ ಸಹಜ ಗುಣವೆಂಬಂತೆ ಮಾತನಾಡುತ್ತಿದ್ದೀರಿ. ನಿಜವಾದ ಲೋಹದ ಮೇಲ್ಮೈ ಕನ್ನಡಿಯಂತೆ ಇರುವುದಿಲ್ಲ. ಗೀರು, ಕಲ್ಮಶ, ಎಣ್ಣೆಯ ಪೊರೆ ಎಲ್ಲ ಇರುತ್ತದೆ. ಶುದ್ಧ ಲೆಕ್ಕಕ್ಕೆ ಎಷ್ಟು ಬೆಲೆ?

ಪಲ್ಸ್ ಪವರ್ ಸಂಶೋಧಕಿ, ಊರು ಬೀದರ್

ಆಕ್ಷೇಪ ಪೂರ್ತಿ ಸರಿ. 2010ರ ನಂತರ ಈ ಕ್ಷೇತ್ರದಲ್ಲಿ ಆದ ಕೆಲಸದ ದೊಡ್ಡ ಭಾಗ ನಿಮ್ಮ ಆಕ್ಷೇಪದ ಬೆನ್ನು ಹತ್ತಿದ್ದೇ ಆಗಿದೆ. ಆ ಪ್ರಯೋಗದಲ್ಲಿ ಬಳಸಿದ್ದು 6061 ಎಂಬ ಮಿಶ್ರಲೋಹ, ಮಾರುಕಟ್ಟೆಯಲ್ಲಿ ಸಿಗುವಂಥದ್ದು. ಅದರಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಇವೆ, ಕೆಲವು ಮೈಕ್ರಾನ್ ಗಾತ್ರದ, ವಿದ್ಯುತ್ತು ಸರಿಯಾಗಿ ಹರಿಯದ ಕಣಗಳೂ ಇವೆ. ನಿಮ್ಮ ಕಡೆಯ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಒಂದು ಬಂಡೆ ಬಿದ್ದರೆ ನೀರು ಅದರ ಎರಡು ಪಕ್ಕದಲ್ಲಿ ಹೇಗೆ ಜೋರಾಗಿ ಹರಿಯುತ್ತದೋ ಹಾಗೆಯೇ ವಿದ್ಯುತ್ತು ಆ ಕಣವನ್ನು ಬಳಸಿ ಹೋಗುವಾಗ ಪಕ್ಕದಲ್ಲಿ ದಟ್ಟವಾಗುತ್ತದೆ. ಕಣ ಗುಂಡಗಿದ್ದು ಪೂರ್ತಿ ಅವಾಹಕವಾಗಿದ್ದರೆ ಅದರ ನಡುಸೊಂಟದಲ್ಲಿ ವಿದ್ಯುತ್ ಸಾಂದ್ರತೆ ಒಂದೂವರೆ ಪಟ್ಟು. ಶಾಖವು ಅದರ ವರ್ಗ, ಅಂದರೆ 2.25 ಪಟ್ಟು. ಉದ್ದನೆಯ ಅಡ್ಡ ರಂಧ್ರವಾದರೆ ಸಾಂದ್ರತೆ ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಹೊಸ್ತಿಲಿನ ಹತ್ತಿರ ಇರುವಾಗ ಇದು ಸಣ್ಣ ವ್ಯತ್ಯಾಸವಲ್ಲ. ಮೊದಲ ಬೆಳಕು ಇಡೀ ಮೇಲ್ಮೈಯಲ್ಲಿ ಸಮನಾಗಿ ಬರುವುದಿಲ್ಲ, ಚುಕ್ಕೆಚುಕ್ಕೆಯಾಗಿ ಬರುತ್ತದೆ.

ಚುಕ್ಕೆ ಅಲ್ಲಿಗೇ ನಿಲ್ಲುವುದಿಲ್ಲ. ಲೋಹ ಕಾದಷ್ಟೂ ರೋಧ ಹೆಚ್ಚುತ್ತದೆ. ವಿದ್ಯುತ್ತಿನ ದಾರಿಗೆ ಅಡ್ಡಲಾಗಿ ಒಂದು ತೆಳು ಪಟ್ಟಿ ಸ್ವಲ್ಪ ಬಿಸಿಯಾದರೆ, ವಿದ್ಯುತ್ತಿಗೆ ಅದನ್ನು ದಾಟದೆ ಬೇರೆ ದಾರಿ ಇಲ್ಲ; ರೋಧ ಹೆಚ್ಚಾದ ಆ ಪಟ್ಟಿ ಇನ್ನೂ ಹೆಚ್ಚು ಕಾಯುತ್ತದೆ. ಹೀಗೆ ಸರಳಿನ ಸುತ್ತ ಉಂಗುರಗಳಂಥ ಅಡ್ಡಪಟ್ಟಿಗಳು ಬೆಳೆಯುತ್ತವೆ. ಪ್ಲಾಸ್ಮಾ ಆದ ಮೇಲೆ ಎಲ್ಲ ತಿರುಗಾಮುರುಗಾ: ಅಲ್ಲಿ ಕಾದಷ್ಟೂ ರೋಧ ಇಳಿಯುತ್ತದೆ, ಬಿಸಿಯಾದ ಕಡೆಗೇ ವಿದ್ಯುತ್ತು ಓಡುತ್ತದೆ, ಆದ್ದರಿಂದ ವಿದ್ಯುತ್ತಿನ ದಿಕ್ಕಿನಲ್ಲೇ ಉದ್ದುದ್ದ ಎಳೆಗಳು ಮೂಡುತ್ತವೆ. ಚಿತ್ರದಲ್ಲಿ ಅಡ್ಡಪಟ್ಟಿ ಕಂಡರೆ ಇನ್ನೂ ಲೋಹದ ಕಾಲ, ಉದ್ದ ಎಳೆ ಕಂಡರೆ ಪ್ಲಾಸ್ಮಾದ ಕಾಲ ಎಂದು ಓದಬಹುದು. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ಇದು ಬರೀ ಪ್ರಯೋಗಾಲಯದ ಕುತೂಹಲವಲ್ಲ. ಅಮೆರಿಕದ ಅಲ್ಬುಕರ್ಕಿಯ ಸ್ಯಾಂಡಿಯಾ ಪ್ರಯೋಗಾಲಯದ ಜೆಡ್ ಯಂತ್ರವು ಸುಮಾರು 2.6 ಕೋಟಿ ಆಂಪಿಯರ್ ಹರಿಸಿ, ಇಂಧನ ತುಂಬಿದ ಬೆರಿಲಿಯಂ ಕೊಳವೆಯನ್ನು ಒಳಮುಖವಾಗಿ ಕುಸಿಸುತ್ತದೆ. ಉದ್ದೇಶ ಬೈಜಿಕ ಸಮ್ಮಿಲನ. ಕೊಳವೆಯ ಹೊರಮೈಯಲ್ಲಿ ಹುಟ್ಟಿದ ಈ ಅಡ್ಡಪಟ್ಟಿಗಳೇ ಮುಂದೆ ಕುಸಿತದ ಸಮಯದಲ್ಲಿ ದೊಡ್ಡ ಏರಿಳಿತಗಳಿಗೆ ಬೀಜವಾಗಿ ಕೊಳವೆಯನ್ನು ಹರಿದುಹಾಕುತ್ತವೆ. ಅದಕ್ಕಾಗಿಯೇ ಅವರು ಕೊಳವೆಗೆ ಅವಾಹಕ ಲೇಪನ ಹಚ್ಚಿ ನೋಡಿದ್ದಾರೆ. ಲೇಪನವು ಹೊರ ಅಂಚನ್ನು ಅದುಮಿ ಹಿಡಿದು, ಹಿಗ್ಗುವುದನ್ನು ತಡೆಯುತ್ತದೆ. ಏರಿಳಿತಗಳು ಗಮನಾರ್ಹವಾಗಿ ತಗ್ಗುತ್ತವೆ. ಅತಿ ಶುದ್ಧ ಅಲ್ಯೂಮಿನಿಯಮ್ಮಿನಲ್ಲಿ ಬೇಕೆಂದೇ ಸೂಕ್ಷ್ಮ ಗುಳಿಗಳನ್ನು ಕೊರೆದು, ಬೆಳಕು ಆ ಗುಳಿಗಳ ಅಂಚಿನಲ್ಲೇ ಮೊದಲು ಏಳುತ್ತದೆಯೇ ಎಂದು ಪರೀಕ್ಷಿಸುವ ಪ್ರಯೋಗಗಳೂ ನಡೆದಿವೆ.

ಎಣ್ಣೆಯ ಪೊರೆಯ ಬಗ್ಗೆ ಕೇಳಿದಿರಿ. ಅದು ಬೇರೆಯೇ ಕಥೆ. ನಿರ್ವಾತದಲ್ಲಿದ್ದರೂ ಲೋಹಕ್ಕೆ ನೀರು, ಹೈಡ್ರೋಕಾರ್ಬನ್‌ಗಳ ತೆಳು ಪೊರೆ ಅಂಟಿರುತ್ತದೆ. ಜೆಡ್ ಯಂತ್ರಕ್ಕೆ ವಿದ್ಯುತ್ತು ಒಯ್ಯುವ ವಾಹಕಗಳ ಮೇಲ್ಮೈ ಸುಮಾರು 400 ಡಿಗ್ರಿ ಮುಟ್ಟಿದಾಗಲೇ ಆ ಪೊರೆ ಕಳಚಿ, ಅಯಾನೀಕರಣಗೊಂಡು, ವಿದ್ಯುತ್ತು ಸೋರಲು ದಾರಿ ಮಾಡುತ್ತದೆ. ಅಲ್ಲಿ ಲೋಹ ಕರಗಿಯೂ ಇರುವುದಿಲ್ಲ. ಹಾಗಾಗಿ 2.2 ಮೆಗಾಗಾಸ್ ಎಂಬುದು ಲೋಹವೇ ಪ್ಲಾಸ್ಮಾ ಆಗುವ ಹೊಸ್ತಿಲು. ಲೋಹಕ್ಕೆ ಅಂಟಿದ ಕೊಳೆಯ ಹೊಸ್ತಿಲು ಅದಕ್ಕಿಂತ ಬಹಳ ಕೆಳಗಿದೆ.

ಮೋಟಾರ್ ವೈಂಡಿಂಗ್, ಕಪನೂರ

ರೋಧ ಅಳಿಸಿಹೋಗುವ ಮಾತನ್ನು ಮಗಳಿಂದ ಕಾಗದದ ಮೇಲೆ ಬರೆಸಿ ಅರ್ಥ ಮಾಡಿಕೊಂಡೆ. ಸೆಮಿನಾರಿನ ತಮ್ಮನಿಗೆ ಒಂದು ಮಾತು: ನನ್ನ ಹತ್ತಿರ ಹಳೆಯ ಹೈ ವೋಲ್ಟೇಜ್ ಕೆಪಾಸಿಟರ್‌ಗಳು ಇವೆ. ಅವುಗಳಿಂದ ಒಂದು ಸಣ್ಣ ಪಲ್ಸ್ ಹೊಡೆದು ಅಲ್ಯೂಮಿನಿಯಂ ಡಬ್ಬಿಯನ್ನಾದರೂ ಹಿಸುಕಿ ತೋರಿಸಬಹುದೇ? ಇಂಟರ್ನೆಟ್ಟಿನಲ್ಲಿ ಅಂಥ ವಿಡಿಯೋಗಳಿವೆ.

ನಿವೃತ್ತ ಉಪನ್ಯಾಸಕ, ಯಾದಗಿರಿ

ಬೇಡ. ಡಬ್ಬಿ ಹಿಸುಕುವುದು ಆಗುವ ಕೆಲಸವೇ, ಆದರೆ ಅದರಲ್ಲಿ ಮೇಲ್ಮೈ ಕರಗುವ ಹತ್ತಿರಕ್ಕೂ ಹೋಗುವುದಿಲ್ಲ, ಆದ್ದರಿಂದ ಈ ವಿಷಯಕ್ಕೆ ಅದು ಉದಾಹರಣೆಯೂ ಆಗುವುದಿಲ್ಲ. ಅಪಾಯವಂತೂ ಪೂರ್ತಿ ಇದೆ. 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 5 ಕಿಲೋವೋಲ್ಟಿಗೆ ತುಂಬಿದರೆ 1,250 ಜೂಲ್. ಒಂದು ಜೀವ ಹೋಗಲು ಅದಕ್ಕಿಂತ ಬಹಳ ಕಡಿಮೆ ಸಾಕು. ಕಾಯಿಲ್ ಒಡೆದರೆ ತಾಮ್ರದ ಚೂರುಗಳು ಎತ್ತ ಹಾರುತ್ತವೆ ಎಂದು ಹೇಳಲಾಗದು. ನಿಮ್ಮ ಹತ್ತಿರ ಇರುವ ಹಳೆಯ ಕೆಪಾಸಿಟರ್‌ಗಳ ಟರ್ಮಿನಲ್‌ಗಳ ನಡುವೆ ಈಗಲೇ ತಂತಿ ಕಟ್ಟಿ ಇಡಿ, ಏಕೆಂದರೆ ಒಮ್ಮೆ ಖಾಲಿ ಮಾಡಿದರೂ ಒಳಗಿನ ಅವಾಹಕದಲ್ಲಿ ಉಳಿದ ಚಾರ್ಜ್ ನಿಧಾನವಾಗಿ ಮತ್ತೆ ಟರ್ಮಿನಲ್ಲಿಗೆ ಬರುತ್ತದೆ.

ಸೆಮಿನಾರಿಗೆ ಬೋರ್ಡಿನ ಮೇಲೆ ಒಂದು ಗ್ರಾಫ್ ಸಾಕು. ಅಡ್ಡಲಾಗಿ ಟೆಸ್ಲಾ, ಲಂಬವಾಗಿ ಘನ ಸೆಂಟಿಮೀಟರಿಗೆ ಕಿಲೋಜೂಲ್ ಇಟ್ಟು ಶಕ್ತಿ ಸಾಂದ್ರತೆಯ ವಕ್ರರೇಖೆ ಎಳೆಯಿರಿ. 3, 16, 38, 55 ಎಂಬಲ್ಲಿ ಅಡ್ಡಗೆರೆ ಹಾಕಿ, ಕರಗಿದ ಅಲ್ಯೂಮಿನಿಯಂ, ಸತುವಿನ ಆವಿ, ಅಲ್ಯೂಮಿನಿಯಂ ಆವಿ, ತಾಮ್ರದ ಆವಿ ಎಂದು ಬರೆಯಿರಿ. ವಕ್ರರೇಖೆಯ ಮೇಲೆ 220ರಲ್ಲಿ ಒಂದು ಚುಕ್ಕೆ ಇಡಿ. ಆ ಚುಕ್ಕೆ 38ರ ಗೆರೆಯ ಕೆಳಗೇ ಏಕೆ ನಿಂತಿದೆ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಮೇಡಂ ಬರೆದ ಹೊರ ಅಂಚಿನ ಮಾತನ್ನು ಅಲ್ಲಿ ಹೇಳಿ.